ದೊಡ್ಡಮ್ಮನ ಎಲೆಗೆ ನಾನು ಬಡಿಸಿದ್ದು

ಕೆಳಗಿನ ಮನೆಯಲ್ಲಿ ಯಾರೋ ಪುಳಿಯೋಗರೆ ಗೊಜ್ಜು ಕುದಿಸುತ್ತಿದ್ದಾರೆ. ಹುಣಸೆಹುಳಿ, ಬೆಲ್ಲ, ಒಗ್ಗರಣೆಗೆ ಬಿದ್ದ ಇಂಗು... ಅರಸೀಕೆರೆಯ ಈ ಬಾಡಿಗೆ ಮನೆಯ ಮೆಟ್ಟಿಲು ಹತ್ತಿ ವಾಸನೆ ನೇರ ನನ್ನ ಕೋಣೆಗೇ ಬಂತು. ಬೇರೆಯವರಿಗೆ ಬಾಯಲ್ಲಿ ನೀರೂರುತ್ತದೆ, ನನಗೆ ಮೈ ಉರಿಯುತ್ತದೆ. ಆ ವಾಸನೆ ಅಂದರೆ ಬೇಲೂರಿನ ದೊಡ್ಡಮ್ಮ, ನಮ್ಮಪ್ಪನ ಅಣ್ಣನ ಹೆಂಡತಿ. ಗೊಜ್ಜಿಗೆ ಎತ್ತಿದ ಕೈ ಅವಳದು, ಇಲ್ಲವೆನ್ನುವುದಿಲ್ಲ. ಮಡಿ ವಿಷಯದಲ್ಲೂ ಅಷ್ಟೇ, ಅವಳನ್ನು ಮೀರಿಸುವವರು ಇರಲಿಲ್ಲ.

ನಾನು ಪಿಯುಸಿ ಮುಗಿಸಿದ ಬೇಸಿಗೆ. ದೊಡ್ಡಪ್ಪ ಒಂದು ಕ್ಯಾರವಾನ್ ಬಾಡಿಗೆಗೆ ಹಿಡಿದರು. ಮಂಚ, ಒಲೆ, ಬಚ್ಚಲು ಎಲ್ಲ ಒಳಗೇ ಇದ್ದ ದೊಡ್ಡ ವ್ಯಾನು ಅದು. ಘಟ್ಟ ಇಳಿದು ಕುಮಟಾ ಕಡೆ, ಹೋಟೆಲ್ಲು ಅಂಗಡಿ ಏನೂ ಇಲ್ಲದ ಕಡಲ ದಂಡೆಗಳ ಗುಂಟ ಎರಡೂ ಮನೆಯವರು ನಾಲ್ಕು ದಿನ ಸುತ್ತುವುದೆಂದು ಮಾತಾಯಿತು. ಕಣಕಟ್ಟೆಯ ತೆಂಗಿನ ತೋಟದಲ್ಲಿ ಬೆಳೆದ ಅಮ್ಮ ಅಲ್ಲಿಯವರೆಗೆ ಸಮುದ್ರ ಕಂಡವಳೇ ಅಲ್ಲ. ಒಂದು ಸಲ ಅಲೆಯಲ್ಲಿ ಕಾಲಿಟ್ಟು ನಿಲ್ಲಬೇಕು ಅನ್ನುವುದು ಅವಳ ಬಹಳ ದಿನದ ಆಸೆ. ಹೊಸ ಚಪ್ಪಲಿ ಕೊಂಡಿದ್ದಳು, ಪಾಪ.

ಅವಳ ಮುಟ್ಟಿನ ದಿನ ಹತ್ತಿರವಿತ್ತು. ನಮ್ಮ ಮನೆಗಳಲ್ಲಿ ಹಬ್ಬ, ಪ್ರವಾಸ ಅಂದರೆ ಹೆಂಗಸರು ಅದನ್ನು ಮುಂದೂಡುವ ಮಾತ್ರೆ ನುಂಗುವುದು ರೂಢಿ. ಕೆಲವು ದಿನ ಮೊದಲೇ ಶುರು ಮಾಡಬೇಕಾದ ಮಾತ್ರೆಯನ್ನು ದೊಡ್ಡಮ್ಮ ತಾನೇ ತರಿಸಿ, ತಾನೇ ಇಟ್ಟುಕೊಂಡು, ಹೊರಡುವ ಬೆಳಿಗ್ಗೆ ಪ್ರಸಾದ ಕೊಟ್ಟ ಹಾಗೆ ಅಮ್ಮನ ಕೈಗೆ ಹಾಕಿದಳು. ಘಟ್ಟ ಇಳಿಯುವಷ್ಟರಲ್ಲಿ ಅಮ್ಮ ಹೊರಗಾದಳು. ಮಾತ್ರೆ ತಡವಾಗಿ ಕೊಟ್ಟಿದ್ದರ ಬಗ್ಗೆ ಯಾರೂ ತುಟಿ ಬಿಚ್ಚಲಿಲ್ಲ. ಅಪ್ಪನಂತೂ ಅತ್ತಿಗೆಯ ಮುಂದೆ ಬಾಯಿ ತೆರೆದವರೇ ಅಲ್ಲ.

ಒಲೆಯ ಪಕ್ಕದಲ್ಲೇ ದೇವರ ಪಟವಿತ್ತು. ಹಾಗಾಗಿ ಅಡುಗೆ, ಪೂಜೆಯ ಹೊತ್ತಿಗೆಲ್ಲ ಅಮ್ಮ ವ್ಯಾನಿನಿಂದ ಇಳಿದು ರಸ್ತೆ ಬದಿಯಲ್ಲಿ ಕೂರಬೇಕು. ಕಡಲು ಬಂದರೆ ನಾವೆಲ್ಲ ಇಳಿಯಬೇಕು, ಅವಳು ಹತ್ತಿ ಹಿಂದಿನ ಸೀಟಿನಲ್ಲಿ ಕೂರಬೇಕು. ಯಾಕೆಂದರೆ ಸಮುದ್ರ ಅಂದರೆ ತೀರ್ಥ, ಮೈಲಿಗೆಯವರು ಹತ್ತಿರ ಹೋಗಬಾರದಂತೆ! ಬಿಸಿಲು ಬಂದಾಗ ಹೊರಗೆ, ಗಾಳಿ ಬಂದಾಗ ಒಳಗೆ. ಅಮ್ಮ ಗಾಜಿನ ಕಿಟಕಿಗೆ ಹಣೆ ಒತ್ತಿಕೊಂಡು ನಮ್ಮನ್ನು ನೋಡಿ ನಗುತ್ತಿದ್ದಳು.

ನಾಲ್ಕನೆಯ ದಿನ ತಲೆಗೆ ನೀರು ಹಾಕಿಕೊಂಡರೆ ಮುಗಿಯಿತು, ಯಾವ ಶಾಸ್ತ್ರವೂ ಅಡ್ಡ ಬರುವಂತಿರಲಿಲ್ಲ. ಆ ಬೆಳಿಗ್ಗೆ ದೊಡ್ಡಮ್ಮ ತನ್ನ ಮಡಿಬಟ್ಟೆ ಒಗೆದು ವ್ಯಾನಿನ ಟ್ಯಾಂಕಿನ ನೀರು ಪೂರ್ತಿ ಖಾಲಿ ಮಾಡಿಟ್ಟಿದ್ದಳು. ಸುತ್ತ ಎಲ್ಲೂ ಮನೆಯಿಲ್ಲ, ಬಾವಿಯಿಲ್ಲ.

“ಅಕ್ಕಾ, ಸುಮ್ನೆ ದಡದಲ್ಲಿ ನಿಂತ್ಕೋತೀನಿ. ನೀರು ಮುಟ್ಟಲ್ಲ,” ಅಂದಳು ಅಮ್ಮ.

“ಸಮುದ್ರ ಎಲ್ಲಿಗೂ ಓಡಿಹೋಗಲ್ಲ. ಮುಂದಿನ ಸಲ ನೋಡಿದ್ರಾಯ್ತು.”

ವ್ಯಾನು ಊರಿನ ಕಡೆ ತಿರುಗಿತು. ಮರುವರ್ಷ ಜ್ವರ ಅಂತ ಮಲಗಿದ ಅಮ್ಮ ಮತ್ತೆ ಏಳಲಿಲ್ಲ...

ಹದಿಮೂರನೆಯ ದಿನ ದೊಡ್ಡಮ್ಮ ಬಂದು ನನ್ನ ತಲೆ ಸವರಿದಳು. ಇವಳಿಗೆ ಒಂದು ದಿನ ಬುದ್ಧಿ ಕಲಿಸ್ತೀನಿ ಅಂತ ಅವತ್ತೇ ಹಲ್ಲು ಕಚ್ಚಿಕೊಂಡೆ. ಆ ದಿನ ಬರುವವರೆಗೆ ವರ್ಷಗಟ್ಟಲೆ ಅವಳ ಕಾಲಿಗೆ ಬಿದ್ದೆ, ಅವಳು ಹೇಳಿದ ಕೆಲಸವನ್ನೆಲ್ಲ ಮಾಡಿದೆ. ಸೊಸೆಯಂದಿರಿಗಿಂತ ನಾನೇ ವಾಸಿ ಅನ್ನಿಸಿಕೊಂಡೆ.

ದೊಡ್ಡಪ್ಪನಿಗೆ ಎಪ್ಪತ್ತು ತುಂಬಿದ ಶಾಂತಿ. ಬೇಲೂರಿನ ಮನೆ ತುಂಬ ನೆಂಟರು, ಪುರೋಹಿತರು. ಬಡಿಸಲು ನಂಬಿಕೆಯವರೇ ಬೇಕೆಂದು ದೊಡ್ಡಮ್ಮ ನನಗೇ ಮಡಿಸೀರೆ ಉಡಿಸಿದಳು. ಅವತ್ತು ನನಗೆ ಎರಡನೆಯ ದಿನ. ಅಡುಗೆಮನೆ ಹೊಕ್ಕೆ, ನೀರಿನ ಕೊಳಗ ಮುಟ್ಟಿದೆ, ಹೆಂಗಸರ ಪಂಕ್ತಿಯಲ್ಲಿ ಅವಳ ಎಲೆಗೆ ಅವಳದೇ ಪುಳಿಯೋಗರೆಯನ್ನು ಎರಡು ಸಲ ಬಡಿಸಿದೆ. ಚಪ್ಪರಿಸಿ ಉಂಡಳು. ಎಷ್ಟು ಖುಷಿಯಾಯಿತು ಅಂತೀರಿ!

ಕೈ ತೊಳೆಯಲು ಹಿತ್ತಿಲಿಗೆ ಬಂದವಳ ಕಿವಿಯಲ್ಲಿ ಹೇಳಿದೆ. ಯಾಕೆ ಅನ್ನುವುದನ್ನೂ ಹೇಳಿದೆ. ಕಿರುಚುತ್ತಾಳೆ, ತಣ್ಣೀರು ಸುರಿದುಕೊಳ್ಳುತ್ತಾಳೆ, ಊರೆಲ್ಲ ಉಂಡ ಮೇಲೆ ಯಾರ ಮುಂದೆಯೂ ಹೇಳಿಕೊಳ್ಳಲಾಗದೆ ಒದ್ದಾಡುತ್ತಾಳೆ ಅಂತ ಕಾದು ನಿಂತೆ. ಅವಳು ನಿಧಾನಕ್ಕೆ ಬಾಯಿ ಮುಕ್ಕಳಿಸಿದಳು, ಸೆರಗಿನಿಂದ ಒರೆಸಿಕೊಂಡಳು.

“ಕಿಟಕೀಲಿ ನೋಡ್ತಾ ಕೂತಿದ್ಲು ನಿಮ್ಮಮ್ಮ. ನಾನೇನು ಬಾಗಿಲಿಗೆ ಬೀಗ ಹಾಕಿದ್ನೇನೆ? ನಿನಗಿರೋ ಧೈರ್ಯದಲ್ಲಿ ಕಾಲುಭಾಗ ಇದ್ದಿದ್ರೆ ಇಳ್ದು ಹೋಗೋಳು.”

ಅಷ್ಟೇ ಹೇಳಿ ಒಳಗೆ ಹೋಗಿ ತಾಂಬೂಲ ಹಂಚಲು ಕೂತಳು.

ಹೋದ ವರ್ಷ ಅವಳೂ ಹೋದಳು. ನನಗೆ ಅಳು ಬರಲಿಲ್ಲ, ಬರಿಸಿಕೊಳ್ಳಲೂ ಇಲ್ಲ. ಮಾಡಿದ್ದಕ್ಕೆ ಪಶ್ಚಾತ್ತಾಪವೂ ಇಲ್ಲ, ಇನ್ನೊಂದು ಸಲ ಸಿಕ್ಕಿದ್ದರೆ ಇನ್ನೊಂದು ಸಲ ಬಡಿಸುತ್ತಿದ್ದೆ. ಆದರೆ ಇವತ್ತು ಕಿಟಕಿ ಮುಚ್ಚಿ ಕೂತಾಗಲೂ ಮನಸ್ಸು ಆ ವ್ಯಾನಿನ ಬಾಗಿಲಿಗೇ ಹೋಗುತ್ತದೆ. ಬೀಗ ಇರಲಿಲ್ಲ, ನಿಜ. ಅಮ್ಮನಿಗೆ ಅದು ಗೊತ್ತಿತ್ತಾ... ಕೇಳೋಣವೆಂದರೆ ಅವಳಿಲ್ಲ.