ಒನ್, ಟೂ, ತ್ರೀ, ಫೋರ್ ಆದಮೇಲೆ

ಗೆಳೆಯರೇ, ಇವತ್ತು ನನ್ನ ಮರ್ಯಾದೆ ಹೋಗಿ, ಐದೇ ನಿಮಿಷದಲ್ಲಿ ವಾಪಸ್ ಬಂತು.

ಒಂಬತ್ತು ವರ್ಷ ರಾಕ್ ಬ್ಯಾಂಡಿನಲ್ಲಿ ಎಲ್ಲರ ಬೆನ್ನು ನೋಡುತ್ತಾ ಡ್ರಮ್ಸ್ ಬಾರಿಸಿದವನು ನಾನು. ಇವತ್ತು ಸಂಜೆ ದಿಲ್‌ಸುಖ್‌ನಗರದ ಒಂದು ಕೆಫೆಯಲ್ಲಿ ಮೊದಲ ಸಲ ಒಬ್ಬನೇ ಮುಂದೆ ನಿಂತೆ. ಕೈಯಲ್ಲಿ ಗಿಟಾರ್, ಬಾಯಲ್ಲಿ ನಾನೇ ಬರೆದ ಕನ್ನಡ ಹಾಡು. ಎದುರಿಗೆ ಕುಳಿತವರಲ್ಲಿ ಕನ್ನಡ ಬಲ್ಲವಳು ನಮ್ಮವ್ವ ಒಬ್ಬಳೇ.

ಕಣ್ಣು ಮುಚ್ಚಿ "ಒನ್, ಟೂ, ತ್ರೀ, ಫೋರ್" ಎಂದು ಕೂಗಿ, ಕಾದೆ. ಹಾಡು ಶುರುವಾಗಲಿಲ್ಲ. ಡ್ರಮ್ಮರ್ ಎಣಿಸಿಕೊಟ್ಟರೆ ಉಳಿದವರು ಶುರು ಮಾಡುತ್ತಾರೆ. ಇಲ್ಲಿ ಉಳಿದವರೇ ಇರಲಿಲ್ಲ!

"ಬಾಕಿ ಲೋಗಾಂ ಕಬ್ ಆತೇ ಭಾಯ್?" ಉಳಿದವರು ಯಾವಾಗ ಬರುತ್ತಾರೆ ಎಂದು ಕೆಫೆಯ ಮಾಲೀಕರು ಕೇಳಿದರು. ಎಲ್ಲರೂ ನಕ್ಕರು. ಗಿಟಾರ್ ಕೆಳಗಿಟ್ಟು ಹೊರಟುಬಿಡೋಣ ಅನ್ನಿಸಿತು.

"ಯಾರ ಹಾದಿ ನೋಡಾಕತ್ತೀಯೋ ತಮ್ಮಾ? ನೀನ ಹಾಡು!" ಅವ್ವನ ದನಿ ಮೈಕಿಗಿಂತ ಜೋರಾಗಿತ್ತು.

ಹಾಡಿದೆ. ಎರಡನೇ ಚರಣದ ಹೊತ್ತಿಗೆ ನಗು ನಿಂತಿತ್ತು. ಅರ್ಥವಾಗದವರೂ ಪಲ್ಲವಿಗೆ ದನಿಗೂಡಿಸಿದರು. ಅವ್ವ ಮಾತ್ರ ಟೇಬಲ್ ಬಡಿಯುತ್ತಾ ನನಗಿಂತ ಮುಂದೆ ಓಡುತ್ತಿದ್ದಳು. ತಡೆಯಲಾಗದೆ ಮೈಕಿನಲ್ಲೇ ಹೇಳಿದೆ: "ಅವ್ವಾ, ಸಾವಕಾಶ! ಹಾಡವರ ಹಿಂದ ಬರಬೇಕು."

ಒಂಬತ್ತು ವರ್ಷ ನಮ್ಮ ಬ್ಯಾಂಡಿನ ಗಾಯಕ ಇದೇ ಮಾತನ್ನು ನನಗೆ ತೆಲುಗಿನಲ್ಲಿ ಹೇಳಿದ್ದಾನೆ. ನಾನೀಗ ಗಾಯಕ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ನನ್ನ ಆತುರ ಯಾರ ಕಡೆಯಿಂದ ಬಂದದ್ದು ಎನ್ನುವುದಕ್ಕೂ ಬೇಡ.