ಕಾಲು ನೋಡುತ್ತಿದ್ದ ಚಪ್ಪಲಿ ಅಂಗಡಿಯ ಕಾಕ

ಅವರ ಬಲಗೈಯ ಹೆಬ್ಬೆರಳು ತುದಿಯಲ್ಲಿ ಚಪ್ಪಟೆಯಾಗಿ, ಮರದ ಸೌಟಿನ ಹಾಗೆ ಅಗಲವಾಗಿತ್ತು. ಉಗುರು ನಡುವೆ ಸೀಳಿ ಎರಡಾಗಿ ಬೆಳೆದಿತ್ತು. ಮಾತಾಡುವಾಗಲೂ ಆ ಬೆರಳು ಸುಮ್ಮನಿರುತ್ತಿರಲಿಲ್ಲ. ಹೊಸ ಚಪ್ಪಲಿಯ ಅಟ್ಟೆಯನ್ನು ಒತ್ತಿ ನೋಡುತ್ತಿತ್ತು, ಹಳೆಯದರ ಸವೆದ ಹಿಮ್ಮಡಿಯನ್ನು ಸವರುತ್ತಿತ್ತು. ಕಡಬ ಪೇಟೆಯಲ್ಲಿ ಮೀನಿನ ಅಂಗಡಿಯ ಪಕ್ಕದಲ್ಲಿ ಅವರ ಚಪ್ಪಲಿ ಅಂಗಡಿ. ಪೇಟೆಯವರೆಲ್ಲ ಅವರನ್ನು ಕಾಕ ಎಂದು ಕರೆಯುತ್ತಿದ್ದರು, ನಾನೂ ಹಾಗೆಯೇ ಕರೆದೆ. ಯಾರು ಒಳಗೆ ಬಂದರೂ ಅವರ ಕಣ್ಣು ಮೊದಲು ಪಾದಕ್ಕೆ ಹೋಗುತ್ತಿತ್ತು. ಮುಖ ನೋಡುವುದು ಆಮೇಲೆ.

ನನಗೆ ಅಂಚೆ ಹಂಚುವ ಕೆಲಸ ಸಿಕ್ಕಿದ ವರ್ಷ ಮೊದಲ ಸಲ ಅವರ ಅಂಗಡಿಗೆ ಹೋದೆ. ನಮ್ಮ ಊರಿನ ಮನೆಗಳು ಒಂದೊಂದು ಗುಡ್ಡದಲ್ಲಿ ಒಂದೊಂದು. ದಿನಕ್ಕೆ ಏಳೆಂಟು ಮೈಲಿ ಹತ್ತಿ ಇಳಿಯಬೇಕು. ಒಳ್ಳೆಯ ಚಪ್ಪಲಿ ಬೇಕೆಂದು ಬೆಳಿಗ್ಗೆ ಹತ್ತು ಗಂಟೆಗೇ ಹೋಗಿ ನಿಂತೆ. ಅವರು ನನ್ನ ಕಾಲು ನೋಡಿದರು, ಗೋಡೆಯ ಗಡಿಯಾರ ನೋಡಿದರು.

“ಈಗ ಬೇಡ ಮೋಳೆ. ಸಂಜೆ ಬನ್ನಿ.”

ಮೋಳೆ ಎಂದರೆ ಅವರ ಮನೆಮಾತಿನಲ್ಲಿ ಮಗಳೇ ಎಂದು. ಅದು ತಿಳಿಯಿತು, ಸಂಜೆ ಯಾಕೆಂದು ಅರ್ಥವಾಗಲಿಲ್ಲ. ಅಂಗಡಿ ತೆರೆದಿದೆ, ಚಪ್ಪಲಿ ಸಾಲಾಗಿ ತೂಗುತ್ತಿವೆ, ಮಾರುವವರೇ ಬೇಡ ಎನ್ನುತ್ತಿದ್ದಾರೆ. “ಯಾಕೆ ಕಾಕ?” ಎಂದೆ.

“ಬೆಳಿಗ್ಗೆಯ ಕಾಲು ಸಣ್ಣದು. ಸಂಜೆಗೆ ಊದ್ತದೆ. ಈಗ ಸರಿಯಾದದ್ದು ಆಗ ಕಚ್ತದೆ.”

ತಮಾಷೆ ಮಾಡುತ್ತಿದ್ದಾರೆಂದೇ ತಿಳಿದೆ. ಆದರೂ ಸಂಜೆ ಬಸ್ಸು ಹಿಡಿಯಲು ಬಂದವಳು ಒಳಗೆ ಹೋದೆ. ಅವರು ನನ್ನ ಹಳೆಯ ಚಪ್ಪಲಿಯನ್ನು ಬಿಚ್ಚಿಸಿ ತಿರುಗಿಸಿ ಹಿಡಿದರು. ಎರಡರಲ್ಲೂ ಹೊರಗಿನ ಅಂಚು ಸವೆದು ಕಾಗದದಷ್ಟು ತೆಳುವಾಗಿತ್ತು. “ನೀವು ಹೊರಗಡೆಗೆ ಭಾರ ಹಾಕಿ ನಡಿತೀರಿ. ಗುಡ್ಡದಲ್ಲಿ ಒಂದು ದಿನ ಕಾಲು ಮಡಚ್ತದೆ. ಹಿಂದೆ ಪಟ್ಟಿ ಇರುವ, ಗಟ್ಟಿ ಹಿಮ್ಮಡಿಯದ್ದು ತೆಗೊಳ್ಳಿ” ಎಂದರು. ನಾನು ತೆಗೆದುಕೊಂಡದ್ದು ಹಗುರದ, ಹಿಂದೆ ಪಟ್ಟಿ ಇಲ್ಲದ ಚಪ್ಪಲಿ. ಪ್ರತಿ ಮನೆಯ ಮೆಟ್ಟಿಲಿನಲ್ಲಿ ಬಿಚ್ಚಿ ಹಾಕಬೇಕಲ್ಲ, ಪಟ್ಟಿ ಕಟ್ಟುತ್ತಾ ಕೂರುವುದು ಯಾರು? ಅವರು ಒತ್ತಾಯ ಮಾಡಲಿಲ್ಲ. ಕೊಟ್ಟರು, ಆದರೆ ಮುಖ ಸಣ್ಣದು ಮಾಡಿಕೊಂಡು ಕೊಟ್ಟರು.

ಆಮೇಲೆ ಆ ಅಂಗಡಿಯಲ್ಲಿ ಕಂಡದ್ದೆಲ್ಲ ಹೀಗೆಯೇ, ವ್ಯಾಪಾರವೋ ಇನ್ನೇನೋ ತಿಳಿಯದ ಹಾಗೆ. ಬರುವ ವರ್ಷಕ್ಕೂ ಆಗಲಿ ಎಂದು ಮಕ್ಕಳಿಗೆ ದೊಡ್ಡ ಬೂಟು ಕೇಳುವ ತಾಯಂದಿರಿಗೆ ಗದರುತ್ತಿದ್ದರು. ಮೇಜಿನ ಕೆಳಗೆ ಒಂದು ಕೈಕನ್ನಡಿ ಇಟ್ಟಿದ್ದರು. ಸಕ್ಕರೆ ಕಾಯಿಲೆಯ ಅಜ್ಜಂದಿರು ಬಂದರೆ ಅದನ್ನು ಕೈಗೆ ಕೊಟ್ಟು, “ಮುಖ ನೋಡಿದ್ದು ಸಾಕು ಮಾರಾಯ್ರೆ, ಅಂಗಾಲು ನೋಡಿ. ಗಾಯ ಆದ್ರೆ ನಿಮಗೆ ಗೊತ್ತೇ ಆಗುದಿಲ್ಲ” ಎನ್ನುತ್ತಿದ್ದರು. ಸುಬ್ರಹ್ಮಣ್ಯಕ್ಕೆ ಬರಿಗಾಲಿನಲ್ಲಿ ನಡೆದು ಹೋಗುವವರು ಗುಳ್ಳೆ ಎದ್ದ ಕಾಲಿನಲ್ಲಿ ಜಗಲಿಯ ಮೇಲೆ ಕೂತರೆ, ಒಂದು ಬಾಲ್ದಿ ನೀರು ತಂದಿಟ್ಟು, “ಗುಳ್ಳೆ ಒಡಿಬೇಡಿ, ತೊಳೆದು ಬಟ್ಟೆ ಕಟ್ಟಿ” ಎಂದು ಹೇಳಿ ಒಳಗೆ ಹೋಗುತ್ತಿದ್ದರು. ಕಾಲು ಉಳುಕಿದವರೂ ಬರುತ್ತಿದ್ದರು. ಕಾಕ ಗಲ್ಫಿನ ಒಂದು ಆಸ್ಪತ್ರೆಯಲ್ಲಿ ಡಾಕ್ಟರಾಗಿದ್ದರಂತೆ, ಕಾಗದಪತ್ರ ಕಳೆದು ಹೋದದ್ದರಿಂದ ಚಪ್ಪಲಿ ಮಾರುತ್ತಿದ್ದಾರಂತೆ ಎಂದು ಜೀಪಿನಲ್ಲಿ ಯಾರೋ ಹೇಳಿದ್ದನ್ನು ನಾನೂ ಅರ್ಧ ನಂಬಿದ್ದೆ.

ಕೆಲಸಕ್ಕೆ ಸೇರಿದ ಎಂಟನೇ ತಿಂಗಳು, ರಬ್ಬರ್ ಮರಗಳು ಎಲೆ ಉದುರಿಸುವ ಕಾಲ. ತೋಟದ ದಾರಿಯೆಲ್ಲ ಒಣ ಎಲೆಯ ಹಾಸು, ಎಲ್ಲಿ ಕಲ್ಲು ಎಲ್ಲಿ ಗುಂಡಿ ಎಂದು ಕಾಣುವುದಿಲ್ಲ. ಒಂದು ರಿಜಿಸ್ಟರ್ ಕಾಗದ ಹಿಡಿದು ಇಳಿಯುತ್ತಿದ್ದೆ. ಎಲೆಯ ಅಡಿಯಲ್ಲಿ ರಬ್ಬರ್ ಹಾಲು ಹಿಡಿಯುವ ತೆಂಗಿನ ಗೆರಟೆಯೊಂದು ಕವುಚಿ ಬಿದ್ದಿತ್ತು. ಅದರ ಮೇಲೆ ಎಡಗಾಲು ಇಟ್ಟೆ. ಪಾದ ಒಳಕ್ಕೆ ಮಡಚಿತು, ಕಡ್ಡಿ ಮುರಿದಂಥ ಸದ್ದು ಕೇಳಿತು. ಗೆರಟೆ ಒಡೆದದ್ದೋ ನನ್ನ ಕಾಲೋ ಗೊತ್ತಾಗಲಿಲ್ಲ. ರಬ್ಬರ್ ಮರ ಕೆತ್ತುವ ಟ್ಯಾಪಿಂಗಿನ ಹೆಂಗಸೊಬ್ಬಳು ಓಡಿ ಬಂದು ಎಬ್ಬಿಸಿ ರಸ್ತೆಗೆ ತಂದು ಪೇಟೆಯ ಜೀಪು ಹತ್ತಿಸಿದಳು. ಜೀಪು ನಿಂತದ್ದು ಕಾಕನ ಅಂಗಡಿಯ ಮುಂದೆ.

ಅವರು ನನ್ನನ್ನು ಬೆಂಚಿನ ಮೇಲೆ ಕೂರಿಸಿ ಕಾಲನ್ನು ಚಪ್ಪಲಿಯ ಪೆಟ್ಟಿಗೆಗಳ ಮೇಲೆ ಎತ್ತಿಟ್ಟರು. ಪಕ್ಕದ ಮೀನಿನ ಅಂಗಡಿಯಿಂದ ಮಂಜುಗಡ್ಡೆ ತಂದು ಹೆಗಲ ಮೇಲಿನ ಬೈರಾಸಿನಲ್ಲಿ ಸುತ್ತಿ ಇಟ್ಟರು. ಬಂಗುಡೆಯ ವಾಸನೆಗೆ ನನಗೆ ಆ ನೋವಿನಲ್ಲೂ ನಗು ಬಂತು. ಕಾಲು ಗಂಟೆಯ ನಂತರ ಅದನ್ನು ತೆಗೆದು, ಆ ಹೆಬ್ಬೆರಳಿನಿಂದ ಒಂದೊಂದೇ ಜಾಗ ಒತ್ತಿದರು. ಹರಡಿನ ಗಂಟಿನ ಒಳಬದಿ, ಹೊರಬದಿ. ನೋವಿತ್ತು, ತಡೆದುಕೊಂಡೆ. ಪಾದದ ಹೊರ ಅಂಚಿನಲ್ಲಿ, ಹಿಮ್ಮಡಿಗೂ ಕಿರುಬೆರಳಿಗೂ ನಡುವೆ ಉಬ್ಬಿದ ಎಲುಬಿನ ಮೇಲೆ ಒತ್ತಿದಾಗ ಕಿರುಚಿದೆ.

“ನಾಲ್ಕು ಹೆಜ್ಜೆ ಇಡ್ಲಿಕ್ಕೆ ಆಗ್ತದಾ ನೋಡಿ.”

ಹಿಮ್ಮಡಿಯ ಮೇಲೆ ಕುಂಟುತ್ತಾ ನಾಲ್ಕು ಹೆಜ್ಜೆ ಇಟ್ಟೆ. ನಡೆದೆನಲ್ಲ, ಇನ್ನೇನೂ ಇಲ್ಲ ಎಂದುಕೊಂಡೆ. ಅವರು ತಲೆ ಆಡಿಸಿದರು.

“ಪುತ್ತೂರಿಗೆ ಹೋಗಿ. ಎಕ್ಸ್‌ರೇ ತೆಗಿಸಿ. ಹರಡಿನ ಗಂಟಿನದ್ದು ಮಾತ್ರ ಸಾಲದು, ಪಾದದ್ದೂ ಬೇಕು ಅಂತ ಹೇಳಿ. ಎಣ್ಣೆ ಹಾಕಿ ತಿಕ್ಕಿಸಬೇಡಿ. ಇವತ್ತು ಬಿಸಿನೀರು ಕೂಡ ಹಾಕ್ಬೇಡಿ.”

ಮನೆಗೆ ಬಂದರೆ ಅಮ್ಮ ಬಿಸಿನೀರು ಕಾಯಿಸಿ ಇಟ್ಟಿದ್ದರು. ಉಳುಕು ತೆಗೆಯುವವರಿಗೆ ಹೇಳಿ ಕಳಿಸಿಯೂ ಆಗಿತ್ತು. “ಉಳುಕಿಗೆ ಎಣ್ಣೆ ಹಾಕದೆ ಐಸು ಇಡುದುಂಟಾ? ಚಪ್ಪಲಿ ಮಾರುವವರಿಗೆ ಎಲುಬಿನ ವಿಷಯ ಎಂತ ಗೊತ್ತು?” ಎಂದರು. ನನಗೆ ಯಾರ ಮಾತು ಹಿಡಿಯಬೇಕೆಂದು ತಿಳಿಯಲಿಲ್ಲ. ತಿಕ್ಕಿಸಿಕೊಳ್ಳಲಿಲ್ಲ, ಅಷ್ಟೇ. ಮರುದಿನ ಪುತ್ತೂರಿಗೆ ಹೋದೆ. ಡಾಕ್ಟರು ಎಲ್ಲಿ ನೋವು ಎಂದು ಕೇಳಿದಾಗ ಊದಿಕೊಂಡಿದ್ದ ಗಂಟನ್ನು ತೋರಿಸಿದೆ. ಪಾದದ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಚಪ್ಪಲಿ ಅಂಗಡಿಯವರು ಹೀಗೆ ಹೇಳಿದ್ದಾರೆ ಎಂದು ಡಾಕ್ಟರಿಗೆ ಹೇಗೆ ಹೇಳುವುದು? ನಾಚಿಕೆಯಾಗಿ ಸುಮ್ಮನಾದೆ. ಗಂಟಿನ ಎಕ್ಸ್‌ರೇ ತೆಗೆದರು. ಎಲುಬಿಗೆ ಏನೂ ಆಗಿಲ್ಲ, ಪಟ್ಟಿ ಸುತ್ತಿ ವಿಶ್ರಾಂತಿ ತೆಗೆದುಕೊಳ್ಳಿ, ನೋವು ಕಡಿಮೆಯಾಗದಿದ್ದರೆ ಮತ್ತೆ ಬನ್ನಿ ಎಂದರು.

ಬಸ್ಸಿಳಿದು ಕಾಕನಿಗೆ ಹೆಮ್ಮೆಯಿಂದ ಹೇಳಿದೆ. ಅವರು ಒಂದೇ ಪ್ರಶ್ನೆ ಕೇಳಿದರು. “ಪಾದದ್ದು ತೆಗೆದ್ರಾ?”

“ಇಲ್ಲ. ಡಾಕ್ಟರೇ ಎಂತ ಇಲ್ಲ ಅಂದ್ರಲ್ಲ ಕಾಕ.”

“ಅವರು ಹೇಳಿದ್ದು ಗಂಟಿಗೆ. ಪಾದಕ್ಕೆ ಅಲ್ಲ. ಇನ್ನೊಮ್ಮೆ ಹೋಗಿ.”

ಸಿಟ್ಟು ಬಂತು. ನಮ್ಮ ಕೆಲಸದಲ್ಲಿ ರಜೆ ಹಾಕಿದರೆ ಬದಲಿ ಜನವನ್ನು ನಾವೇ ಹುಡುಕಿ ಕೊಡಬೇಕು. ಹೊಸ ಕೆಲಸ, ಅಮ್ಮನೂ ನಾನೂ ನಂಬಿದ್ದ ಕೆಲಸ. ಡಾಕ್ಟರು ಮುರಿದಿಲ್ಲ ಎನ್ನುತ್ತಾರೆ, ಕಾಕ ನಂಬುವುದಿಲ್ಲ, ಅಮ್ಮ ತಿಕ್ಕಿಸಿಕೋ ಎನ್ನುತ್ತಾರೆ, ಕಾಲು ಒಂದು ದಿನ ವಾಸಿಯಾದ ಹಾಗೆ ಇರುತ್ತದೆ, ಮರುದಿನ ಉರಿಯುತ್ತದೆ. ಮೂರು ದಿನ ಮಲಗಿ, ನಾಲ್ಕನೇ ದಿನ ಪಟ್ಟಿ ಬಿಗಿದು ಅಂಚೆಯ ಚೀಲ ಹೆಗಲಿಗೆ ಹಾಕಿದೆ. ಆರು ದಿನ ನಡೆದೆ. ಗುಡ್ಡ ಇಳಿಯುವಾಗ ಕಣ್ಣಲ್ಲಿ ನೀರು ಬರುತ್ತಿತ್ತು. ನೋವು ನಿಜವೋ, ಕಾಕ ತಲೆಯಲ್ಲಿ ತುಂಬಿಸಿದ್ದೋ ಎಂದು ನನ್ನನ್ನೇ ಅನುಮಾನಿಸಿದೆ. ಪೇಟೆಯಲ್ಲಿ ಅವರ ಅಂಗಡಿ ತಪ್ಪಿಸಲು ರಸ್ತೆಯ ಆಚೆ ಬದಿಯಿಂದ ಹೋಗುತ್ತಿದ್ದೆ.

ಆರನೇ ದಿನ ಅವರು ರಸ್ತೆ ದಾಟಿ ಬಂದು ನನ್ನ ಮುಂದೆ ನಿಂತರು. ಅಂಗಡಿಗೆ ಬೀಗ ಹಾಕಿಯಾಗಿತ್ತು. ಕೈಯಲ್ಲಿ ಕೊಡೆ. “ಮೋಳೆ, ನೀವು ಹಿಮ್ಮಡಿಯಲ್ಲಿ ನಡಿತಾ ಇದ್ದೀರಿ. ಪುತ್ತೂರಿನ ಬಸ್ಸು ಈಗ ಉಂಟು. ನಾನೂ ಬರ್ತೇನೆ. ಡಾಕ್ಟರಲ್ಲಿ ನಾನೇ ಹೇಳ್ತೇನೆ, ನಿಮಗೆ ನಾಚಿಕೆ ಆಗುದು ಬೇಡ” ಎಂದರು. ನನ್ನ ನಾಚಿಕೆ ಅವರಿಗೆ ಹೇಗೆ ತಿಳಿಯಿತೋ.

ಆಸ್ಪತ್ರೆಯಲ್ಲಿ ಅವರು ಕೈ ಕಟ್ಟಿಕೊಂಡು ನಿಂತು, “ಸರ್, ಇಲ್ಲಿ ಒತ್ತಿದ್ರೆ ಕಿರುಚ್ತಾರೆ” ಎಂದಷ್ಟೇ ಹೇಳಿದರು. ಡಾಕ್ಟರು ಅಲ್ಲಿ ಒತ್ತಿ, ಕೂಡಲೇ ಪಾದದ ಎಕ್ಸ್‌ರೇ ಬರೆದರು. ಕಿರುಬೆರಳಿನ ಕಡೆಯ ಉದ್ದ ಎಲುಬು ಬುಡದಲ್ಲಿ ಮುರಿದಿತ್ತು. ಇನ್ನೂ ನಡೆದಿದ್ದರೆ ಆಪರೇಷನ್ ಬೇಕಾಗುತ್ತಿತ್ತೋ ಏನೋ ಎಂದರು ಡಾಕ್ಟರು. ಆರು ವಾರ ಪ್ಲಾಸ್ಟರ್. ಪಕ್ಕದ ಮನೆಯ ಹುಡುಗಿ ನನ್ನ ಬದಲಿಗೆ ಕಾಗದ ಹಂಚಿದಳು, ಕೆಲಸ ಉಳಿಯಿತು.

ಪ್ಲಾಸ್ಟರ್ ಬಿಚ್ಚಿದ ಮೇಲೆ ಕಾಲು ನೆಲಕ್ಕೆ ಊರಲು ಹೆದರಿಕೆ. ಕಾಕ ಈಗ ತಿರುಗಿ ಬಿದ್ದರು. “ಎಂತ ಕೂತದ್ದು? ಡಾಕ್ಟರು ನಡಿಬಹುದು ಅಂದ್ರಲ್ಲ, ನಡೀರಿ. ಕೂತಲ್ಲಿ ಹೆಬ್ಬೆರಳಿನಿಂದ ಗಾಳಿಯಲ್ಲಿ ಅಆಇಈ ಬರೀರಿ. ನೋವು ಹೋದ ಮೇಲೆ ಹಲ್ಲುಜ್ಜುವಾಗ ಒಂದೇ ಕಾಲಲ್ಲಿ ನಿಲ್ಲಿ, ಗೋಡೆ ಹತ್ತಿರ ಇರಲಿ.”

“ಆಗ ಪ್ಲಾಸ್ಟರಲ್ಲಿ ಊರ್ಬೇಡ ಅಂದ್ರಿ, ಈಗ ಊರು ಅಂತೀರಿ. ಯಾವುದು ಸರಿ ಕಾಕ?”

“ಎರಡೂ ಸರಿ. ಆಗಿನ ಕಾಲು ಬೇರೆ, ಈಗಿನ ಕಾಲು ಬೇರೆ.”

ನಾನು ಅ ಆ ಬರೆದೆ. ‘ಋ’ ಬರೆಯುವಾಗ ಸ್ನಾಯು ಹಿಡಿದುಕೊಳ್ಳುತ್ತಿತ್ತು. ‘ಳ’ ತನಕ ಬರೆಯಲು ಹದಿನೈದು ದಿನ ಬೇಕಾಯಿತು. ಗಟ್ಟಿ ಹಿಮ್ಮಡಿಯ, ಹಿಂದೆ ಪಟ್ಟಿ ಇರುವ ಚಪ್ಪಲಿ ಹಾಕಿದೆ.

ಸರಿಯಾಗಿ ನಡೆಯಲು ಬಂದ ದಿನ ಅಮ್ಮ ಮಾಡಿಕೊಟ್ಟ ಹಲಸಿನ ಹಪ್ಪಳ ಹಿಡಿದುಕೊಂಡು ಅಂಗಡಿಗೆ ಹೋದೆ. “ಡಾಕ್ಟರಿಗಿಂತ ಮೊದಲೇ ನಿಮಗೆ ಗೊತ್ತಿತ್ತಲ್ಲ ಕಾಕ” ಎಂದೆ. ಅವರಿಗೆ ಸಂತೋಷವಾಗುತ್ತದೆ ಎಂದುಕೊಂಡಿದ್ದೆ. ಅವರ ಮುಖ ಬಿಗಿಯಿತು.

“ಗೊತ್ತಿತ್ತು ಅಂತ ಹೇಳ್ಬೇಡಿ. ಗೊತ್ತಿರ್ಲಿಲ್ಲ. ಗೊತ್ತಿಲ್ಲದ್ದಕ್ಕೇ ಕಳಿಸಿದ್ದು.”

ಆಮೇಲೆ ಬೆಂಚಿನಲ್ಲಿ ಕೂತು, ಕೇಳದೆಯೇ ಹೇಳಿದರು. ಅವರು ಡಾಕ್ಟರಲ್ಲ. ಗಲ್ಫಿನ ಆಸ್ಪತ್ರೆಯಲ್ಲಿ ಹದಿನಾಲ್ಕು ವರ್ಷ ಪ್ಲಾಸ್ಟರ್ ಪಟ್ಟಿ ನೆನೆಸಿ ಕೊಡುವ ಕೆಲಸ. ಎಲುಬು ಮುರಿದವರನ್ನು ದಿನವೂ ನೋಡಿ ನೋಡಿ ಎಲ್ಲ ಗೊತ್ತಾಯಿತು ಎಂದುಕೊಂಡಿದ್ದರಂತೆ. ಆಗ ಇಲ್ಲಿ ಕಲ್ಲುಗುಂಡಿ ಊರಿನಲ್ಲಿದ್ದ ತಂಗಿ ಮೆಟ್ಟಿಲು ತಪ್ಪಿ ಬಿದ್ದಳು, ಫೋನು ಮಾಡಿದಳು.

“ನಡಿಲಿಕ್ಕೆ ಆಗ್ತದಾ ಕೇಳಿದೆ. ಆಗ್ತದೆ ಅಂದಳು. ಹಾಗಾದ್ರೆ ಉಳುಕು, ನಡಿ, ಎಂತ ಇಲ್ಲ ಅಂದೆ. ನಾನು ಹೇಳಿದ್ದಕ್ಕೆ ಅವಳು ಮುರಿದ ಕಾಲಲ್ಲೇ ನಡೆದಳು. ಎರಡು ವರ್ಷ ಬಿಟ್ಟು ಊರಿಗೆ ಬಂದೆ. ವಿಮಾನ ನಿಲ್ದಾಣದಲ್ಲಿ ಎದುರು ಬರ್ತಾ ಇದ್ದಳು. ಅವಳ ನಡಿಗೆ ನೋಡಿ ನನಗೆ ಪೆಟ್ಟಿಗೆ ದೂಡ್ಲಿಕ್ಕೆ ಆಗ್ಲಿಲ್ಲ.”

ಹಪ್ಪಳದ ಕಟ್ಟನ್ನು ಅವರು ಮಡಿಲಲ್ಲೇ ಇಟ್ಟುಕೊಂಡಿದ್ದರು. ನಾನು ಕಾಗದ ಹಂಚಲಿಕ್ಕುಂಟು ಎಂದು ಎದ್ದು ಬಂದೆ.

ಹೋದ ವರ್ಷ ಒಂದು ಶುಕ್ರವಾರ ಕಾಕ ಮಧ್ಯಾಹ್ನದ ನಮಾಜು ಮುಗಿಸಿ ಬಂದು ಮನೆಯಲ್ಲಿ ಮಲಗಿದವರು ಏಳಲಿಲ್ಲ. ಮೂರನೇ ದಿನ ಅವರ ಮನೆಗೆ ಹೋದೆ. ಅವರ ಹೆಂಡತಿ ಒಳಗಿದ್ದರು. ಜಗಲಿಗೆ ಬಂದು ಕುರ್ಚಿ ಕೊಟ್ಟವರು ಕಾಕನ ತಂಗಿ. ಬಲಗಾಲು ಹೊರಕ್ಕೆ ತಿರುಗಿತ್ತು, ಪ್ರತಿ ಹೆಜ್ಜೆಗೂ ಸೊಂಟ ಒಂದು ಬದಿಗೆ ವಾಲುತ್ತಿತ್ತು. ನೋಡಬಾರದೆಂದುಕೊಂಡೂ ನಾನು ನೋಡಿದೆ. ಅವರಿಗೆ ಗೊತ್ತಾಯಿತು.

“ಅಣ್ಣ ನಿಮಗೂ ಹೇಳಿದ್ದನಾ?” ಎಂದರು.

ಹೌದೆಂದೆ.

“ಅವನು ಹಾಗೆ ಹೇಳಿರ್ಲಿಲ್ಲ. ನಡಿ ಅಂದದ್ದು ಹೌದು. ಎರಡು ದಿನದಲ್ಲಿ ಬಾವು ಇಳಿಯದಿದ್ರೆ ಪುತ್ತೂರಿಗೆ ಹೋಗು ಅಂತಲೂ ಹೇಳಿದ್ದ. ನಾದಿನಿಯ ಮದುವೆ ಇತ್ತು, ನಾನೇ ಹೋಗ್ಲಿಲ್ಲ. ಎಷ್ಟು ಸಲ ಹೇಳಿದ್ದೇನೆ. ನನ್ನ ಸಮಾಧಾನಕ್ಕೆ ಸುಳ್ಳು ಹೇಳ್ತೀ ಅಂತ ಒಪ್ಲೇ ಇಲ್ಲ.”

ಅವರ ಮುಖವನ್ನೇ ನೋಡಿದೆ. ನಿಜ ಹೇಳುತ್ತಿದ್ದಾರೋ, ತೀರಿಹೋದ ಅಣ್ಣನ ಮೇಲಿನ ಭಾರವನ್ನು ಈಗಲಾದರೂ ಇಳಿಸುತ್ತಿದ್ದಾರೋ ತಿಳಿಯಲಿಲ್ಲ. ಕೇಳುವ ಹಾಗೂ ಇರಲಿಲ್ಲ. ಇವರ ಮಾತು ನಿಜವಾದರೆ ಕಾಕ ಮಾಡದ ತಪ್ಪಿಗೆ ಅಷ್ಟು ವರ್ಷ ಕೊರಗಿದರು, ಆ ಕೊರಗಿನಿಂದ ನನ್ನ ಕಾಲು ಉಳಿಯಿತು. ಅದಕ್ಕೆ ನಾನು ಸಂತೋಷಪಡಬೇಕೋ ಬೇಡವೋ ಎನ್ನುವುದೂ ಇವತ್ತಿಗೂ ನನಗೆ ಬಗೆಹರಿದಿಲ್ಲ.

ಹೊರಟಾಗ ಬೇಡ ಬೇಡವೆಂದರೂ ಅವರು ಗೇಟಿನವರೆಗೆ ಬಂದರು. ಅಂಗಳ ಇಳಿಜಾರಾಗಿತ್ತು. ನಾನು ನನ್ನ ಹೆಜ್ಜೆ ಸಣ್ಣದು ಮಾಡಿದೆ, ಅವರು ನನ್ನ ತೋಳು ಹಿಡಿದುಕೊಂಡರು. ಇಬ್ಬರೂ ನಿಧಾನಕ್ಕೆ ಇಳಿದೆವು.