ಭಜನೆಗೆ ಬಂದ ನಿರ್ಮಲಕ್ಕನ ಹೊಸ ಲ್ಯಾಪ್‌ಟಾಪ್

ಗೆಳತಿಯರೇ, ಇವತ್ತು ನನ್ನ ಹೊಟ್ಟೆ ಉರಿದದ್ದು ನಿಜ, ಮುಚ್ಚಿಡುವುದಿಲ್ಲ. ಅಮೀರ್‌ಪೇಟೆಯ ನಮ್ಮ ಭಜನಾ ಮಂಡಳಿಗೆ ಎರಡು ವರ್ಷದಿಂದ ಹಾಡಿನ ಸಾಲುಗಳನ್ನು ತೋರಿಸುತ್ತಿದ್ದುದು ನನ್ನ ಲ್ಯಾಪ್‌ಟಾಪ್, ಮಗಳು ಬಳಸಿ ಬಿಟ್ಟದ್ದು. ಅದರ ಪಕ್ಕದಲ್ಲಿ, ದೇವರ ಎದುರಿಗೇ, ನನ್ನ ಜಾಗ. ಇಂದು ಸಂಜೆ ನಿರ್ಮಲಕ್ಕ ಹೊಸದೊಂದನ್ನು ತಂದು ಮಣೆಯ ಮೇಲಿಟ್ಟರು.

ಹೆಂಗಸರೆಲ್ಲ ಮಡಕೆ ಕೊಳ್ಳುವವರಂತೆ ಅದನ್ನು ಬೆರಳಲ್ಲಿ ಬಡಿದು ನೋಡಿದರು. ಶಾಂತಮ್ಮ ಎತ್ತಿ ಹಿಡಿದು, "ಯವ್ವಾ, ಎಷ್ಟು ತೆಳ್ಳಗ, ಎಷ್ಟು ಹಗುರ ಐತಿ! ಒತ್ತಿದ್ರ ಸಪ್ಪಳನೂ ಇಲ್ಲ. ನಿಮ್ದು ರೊಟ್ಟಿ ಹಂಚು ಇದ್ದಂಗ ಐತಲ್ರಿ" ಎಂದು ನನ್ನತ್ತ ನಕ್ಕರು.

"ಹಂಚು ತಲೆಮಾರು ಬಾಳತೈತ್ರಿ. ಹಪ್ಪಳ ಎಷ್ಟು ದಿನ ಬಾಳತೈತಿ?" ಎಂದೆ.

"ನೋಡೂಣ ತಗೋರಿ, ಅಕ್ಕಾರ" ಎಂದ ನಿರ್ಮಲಕ್ಕ ನನ್ನ ಜಾಗದಲ್ಲೇ ಕುಳಿತರು.

ನಾನು ಹಿಂದಿನ ಸಾಲಿಗೆ ಹೋದೆ. ನನ್ನದು ವೈರು ಕಿತ್ತರೆ ಅರೆಗಳಿಗೆ ನಿಲ್ಲುವುದಿಲ್ಲ. ಎಲ್ಲರದೂ ಹಾಗೇ ಎಂದುಕೊಂಡಿದ್ದೆ. ಕಣ್ಣು ಮುಚ್ಚಿ, "ಹನುಮಪ್ಪಾ, ಒಂದ ಸಲ ಕರೆಂಟ್ ತೆಗಿಯಪ್ಪಾ, ಅದರ ಹಣೇಬರಾ ಗೊತ್ತಾಗ್ಲಿ" ಎಂದು ಬೇಡಿಕೊಂಡೆ.

ಎರಡನೇ ಹಾಡಿಗೆ ಕರೆಂಟ್ ಹೋಯಿತು. ಇಡೀ ಕೋಣೆ ಕತ್ತಲು, ನಿರ್ಮಲಕ್ಕನ ಲ್ಯಾಪ್‌ಟಾಪ್ ಮಾತ್ರ ಬೆಳಗುತ್ತಲೇ ಇತ್ತು. "ನಂದಾದೀಪ ನೋಡ್ರಿ ಇದು!" ಎಂದು ಶಾಂತಮ್ಮ ಅದಕ್ಕೆ ಕೈ ಮುಗಿದರು. ಉಳಿದ ಹಾಡುಗಳೆಲ್ಲ ಅದರ ಬೆಳಕಲ್ಲೇ ಮುಗಿದವು.

ಹನುಮಪ್ಪನನ್ನು ದೂರುವಂತಿಲ್ಲ, ಬೇಡಿದ್ದನ್ನು ಕೊಟ್ಟಿದ್ದಾನೆ. ಲ್ಯಾಪ್‌ಟಾಪಿನೊಳಗೆ ಬ್ಯಾಟರಿ ಇರುತ್ತದೆಯೇ ಎಂದು ಬೇಡುವ ಮೊದಲು ನಾನೇ ಮಗಳನ್ನು ಕೇಳಬೇಕಿತ್ತು.